ಸರ್ಕಾರಿ ಪರದೆಯ ಮೇಲೆ ಚೀನದ ಬುದ್ಧ

ದಿಲ್ಲಿಗೂ ಪೀಕಿಂಗಿಗೂ ಮಾತು ಸರಿಹೋದಾಗಲೆಲ್ಲ ನಮ್ಮ ದೇಶದ ಸಭಾಮಂದಿರಗಳಲ್ಲಿ ಒಂದು ಜಾತ್ರೆ ಏಳುತ್ತದೆ. ಚೀನೀ ಚಲನಚಿತ್ರ ಸಪ್ತಾಹ, ಚೀನೀ ಚಿತ್ರಕಲಾ ಪ್ರದರ್ಶನ, ಎರಡು ಸಾವಿರ ವರ್ಷಗಳ ಬಾಂಧವ್ಯವನ್ನು ಕುರಿತು ಉಪನ್ಯಾಸ, ಕೊನೆಗೆ ಬುದ್ಧನ ಪಟಕ್ಕೊಂದು ಹಾರ. ಮಾತು ಕೆಟ್ಟಾಗ ಅದೇ ಗೋಡೆಯ ಮೇಲಿನ ಕಾಗದ ಹರಿದು ಬಹಿಷ್ಕಾರದ ಕಾಗದ ಅಂಟುತ್ತದೆ. 2006ನೆಯ ಇಸವಿಯನ್ನು ಮೈತ್ರಿಯ ವರ್ಷವೆಂದು ಸಾರಿದರು. 2014ನೆಯದನ್ನೂ ಹಾಗೆಯೇ ಸಾರಿದರು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಪ್ರಾಣ ಕೊಟ್ಟರು. ಮೈತ್ರಿಯ ಮಾತೆತ್ತಿದವನು ದ್ರೋಹಿಯಾದ. 2025ರಲ್ಲಿ ಕೈಲಾಸ ಯಾತ್ರೆ ಮತ್ತೆ ಆರಂಭವಾಯಿತು, ನೇರ ವಿಮಾನವೂ ಆರಂಭವಾಯಿತು. ಅಂದಮೇಲೆ ಪೆಟ್ಟಿಗೆಯಲ್ಲಿಟ್ಟ ದೀಪ, ಹಾರ, ಬುದ್ಧ ಎಲ್ಲವೂ ಮತ್ತೆ ಹೊರಗೆ ಬರುವ ಕಾಲ ಬಂತೆಂದೇ ತಿಳಿಯಬೇಕು.

ಹಾರ ಹಾಕಿದಾಗಲೂ ಹರಿದಾಗಲೂ ಗಿರಣಿಯ ಕೂಲಿಗಾರನನ್ನಾಗಲಿ ಪೇಟೆಯ ಚಿಲ್ಲರೆ ಅಂಗಡಿಯವನನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. ಮೈತ್ರಿಯ ಕಾಲದ ಆಹ್ವಾನ ಪತ್ರಿಕೆ ನಮ್ಮ ಬೀದಿಗೆ ಬರುವುದಿಲ್ಲ. ದ್ವೇಷದ ಕಾಲದಲ್ಲಿ ಮಾತ್ರ ನಾವು ನೆನಪಾಗುತ್ತೇವೆ. 2020ರಲ್ಲಿ ಚೀನೀ ಆಟಿಕೆ, ಚೀನೀ ದೀಪದ ಸರ ಮಾರುತ್ತಿದ್ದ ತಳ್ಳುಗಾಡಿಯವನಿಗೆ ದೇಶದ್ರೋಹಿ ಎಂಬ ಬಿರುದು ಸಿಕ್ಕಿತು. ಅದೇ ಚೀನದಿಂದ ನಮ್ಮ ದೇಶಕ್ಕೆ ಬಂದ ಆಮದು ಮಾಲಿನ ಬೆಲೆ 2024-25ರ ಸಾಲಿನಲ್ಲಿ ಹತ್ತು ಸಾವಿರ ಕೋಟಿ ಡಾಲರನ್ನು ದಾಟಿತು. ಆ ಮಾಲು ತರಿಸಿದ ದೊಡ್ಡ ಕೋಠಿಗಳ ಬಾಗಿಲಲ್ಲಿ ನಿಂತು ಕೂಗಿದ ದೇಶಭಕ್ತನನ್ನು ನಾನಂತೂ ಕಾಣೆ.

ಚೀನದ ಚಿತ್ರ ನೋಡಬಾರದು, ಚೀನದ ಕಲೆ ಹೊಗಳಬಾರದು, ಅವರ ಬುದ್ಧ ನಮ್ಮಿಂದ ಕದ್ದ ಬುದ್ಧ ಎಂದು ಅರಚುವ ಪಂಗಡ ನಮ್ಮದಲ್ಲ. ನೋಡಬೇಕು, ಈಗ ನೋಡುತ್ತಿರುವುದಕ್ಕಿಂತ ಹತ್ತರಷ್ಟು ನೋಡಬೇಕು. 1949ರಲ್ಲಿ ಜಮೀನ್ದಾರರನ್ನೂ ವಿದೇಶಿ ದಂಡುಗಳನ್ನೂ ಕಿತ್ತೊಗೆದ ಜನ ಅವರು. ಅವರಿಂದ ಕಲಿಯುವುದು ಬಹಳ ಇದೆ. ನಮ್ಮ ತಕರಾರು ಪರದೆಯ ಹಗ್ಗ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ. ಎರಡು ಸರ್ಕಾರಗಳು ಕೂಡಿ ಒಪ್ಪಿ ತೋರಿಸುವ ಚೀನದಲ್ಲಿ ಚೀನದ ಕೂಲಿಗಾರ ಇರುವುದಿಲ್ಲ. ಟಿಬೆಟ್ಟಂತೂ ಇಲ್ಲವೇ ಇಲ್ಲ. ನಮ್ಮ ಸರ್ಕಾರ ನಾಚಿಕೊಳ್ಳಬೇಕಾದ ಸಂಗತಿಗಳೂ ಇರುವುದಿಲ್ಲ. ಉಳಿಯುವುದು ರೇಷ್ಮೆ, ಚಹ, ಡ್ರಾಗನ್ ಕುಣಿತ ಮತ್ತು ಒಬ್ಬ ಮೂಕ ಬುದ್ಧ.

ಹಳೆಯದೊಂದು ಸಮಾರಂಭವನ್ನು ಸ್ವಲ್ಪ ವಿವರವಾಗಿ ನೋಡೋಣ. ಆಮೇಲೆ ನಡೆದವೆಲ್ಲ ಅದರ ನಕಲೇ ಆದ್ದರಿಂದ ಮೂಲ ಪ್ರತಿಯನ್ನು ಓದುವುದು ಒಳ್ಳೆಯದು.

1954ರ ಏಪ್ರಿಲ್ 29ರಂದು ಪಂಚಶೀಲದ ಒಪ್ಪಂದಕ್ಕೆ ಸಹಿಯಾಯಿತು. ಬೌದ್ಧರ ಆ ಪವಿತ್ರ ಶಬ್ದವನ್ನು ಕೇಳಿ ಜನ ಕೈಮುಗಿದರು. ಒಪ್ಪಂದದ ಪೂರ್ತಿ ಹೆಸರು ಓದಿದವರು ಮಾತ್ರ ಕಡಿಮೆ. ಅದು ಭಾರತಕ್ಕೂ 'ಚೀನದ ಟಿಬೆಟ್ ಪ್ರಾಂತ'ಕ್ಕೂ ನಡುವಣ ವ್ಯಾಪಾರ ಮತ್ತು ಸಂಪರ್ಕದ ಒಪ್ಪಂದ. ಐದು ಶೀಲಗಳು ಪೀಠಿಕೆಯಲ್ಲಿದ್ದವು; ಟಿಬೆಟ್ಟು ಮಾತ್ರ ತಲೆಬರಹದಲ್ಲಿಯೇ ಚೀನದ ಹೊಟ್ಟೆ ಸೇರಿಬಿಟ್ಟಿತ್ತು. ಅಲ್ಲಿಗೆ ಚೀನದ ಸೈನ್ಯ ನುಗ್ಗಿದ್ದು 1950ರಲ್ಲಿ. ಆಗ ಅದನ್ನು ಶಿಶುಹತ್ಯೆ ಎಂದು ಕರೆದವರು ಡಾ. ರಾಮಮನೋಹರ ಲೋಹಿಯಾ. ಲೋಹಿಯಾ ಅವರಿಗೆ ತಲೆ ಕೆಟ್ಟಿದೆ ಎಂದರು ದಿಲ್ಲಿಯ ದೊಡ್ಡ ಮನುಷ್ಯರು.

1956ರಲ್ಲಿ ಬುದ್ಧನ 2500ನೆಯ ಜಯಂತಿ ಬಂತು. ದಲೈ ಲಾಮಾ, ಪಂಚೆನ್ ಲಾಮಾ ಇಬ್ಬರೂ ನವೆಂಬರಿನಲ್ಲಿ ಅತಿಥಿಗಳಾಗಿ ಬಂದರು. ಬಂದ ದಲೈ ಲಾಮಾ ನೆಹರೂ ಅವರ ಮುಂದೆ ಕುಳಿತು, ನಾನು ಇಲ್ಲಿಯೇ ಉಳಿಯಬಹುದೇ ಎಂದು ಕೇಳಿದರು. ಹಿಂದಕ್ಕೆ ಹೋಗಿ ಚೀನೀಯರ ಜೊತೆ ಹೊಂದಿಕೊಂಡು ಕೆಲಸ ಮಾಡಿರಿ ಎಂಬ ಬುದ್ಧಿವಾದ ಸಿಕ್ಕಿತು. ಇದು ಯಾರೋ ಕಟ್ಟಿದ ಕಥೆಯಲ್ಲ, ದಲೈ ಲಾಮಾ ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಸಂಗತಿ. ಅದೇ ಚಳಿಗಾಲದಲ್ಲಿ ಚೌ ಎನ್ ಲಾಯ್ ಅವರೂ ದಿಲ್ಲಿಗೆ ಬಂದು, ಲಾಮಾ ಅವರನ್ನು ವಾಪಸು ಕಳಿಸುವ ಏರ್ಪಾಟು ನೋಡಿಕೊಂಡರು.

ಹೀಗಿರಲು 1957ರ ಜನವರಿ 12ರಂದು ನಾಲಂದದಲ್ಲಿ ಒಂದು ಭಾರಿ ಸಭೆ ಸೇರಿತು. ಏಳನೆಯ ಶತಮಾನದಲ್ಲಿ ಅಲ್ಲಿ ಓದಿ ಹೋದ ಹ್ಯೂಯೆನ್‌ತ್ಸಾಂಗನ ಕಪಾಲದ ಒಂದು ಚೂರು ಅಸ್ಥಿಯನ್ನು ಚೀನ ಸರ್ಕಾರ ಭಾರತಕ್ಕೆ ಕಾಣಿಕೆ ಕೊಟ್ಟಿತು. ನಾಲಂದದಲ್ಲಿ ಅವನ ಸ್ಮಾರಕ ಮಂದಿರ ಕಟ್ಟಲು ಹಣವನ್ನೂ ಕೊಟ್ಟಿತು. ಸ್ವೀಕರಿಸಿದವರು ನೆಹರೂ. ಚೀನದ ಪರವಾಗಿ ಕೊಟ್ಟ ಕೈ ಯಾರದು ಗೊತ್ತೇ? 21 ವರ್ಷದ ದಲೈ ಲಾಮಾ ಅವರದು. ನಾನು ನನ್ನ ಮನೆಗೆ ಹೋಗಲು ಹೆದರುತ್ತೇನೆ ಎಂದು ಕೆಲವೇ ವಾರಗಳ ಹಿಂದೆ ಹೇಳಿದ್ದ ತರುಣನ ಕೈಯಲ್ಲಿ, ಆ ಮನೆಯನ್ನು ಹಿಡಿದವರ ಕಾಣಿಕೆಯನ್ನು ಇಟ್ಟು ಮೆರವಣಿಗೆ ಮಾಡಿಸಿದರು! ಕೊಡುವವನು ಸಂತೋಷದಿಂದ ಕೊಟ್ಟನೇ ಎಂದು ಕೇಳುವ ವ್ಯವಧಾನ ಆ ಸಭೆಯಲ್ಲಿ ಯಾರಿಗಿತ್ತು? ಬುದ್ಧನಿದ್ದ, ಇತಿಹಾಸವಿತ್ತು, ಕಲೆಯಿತ್ತು, ಹಾರವಿತ್ತು. ಎರಡು ವರ್ಷ ಎರಡು ತಿಂಗಳು ಕಳೆಯುವಷ್ಟರಲ್ಲಿ, 1959ರ ಮಾರ್ಚ್ 31ರಂದು, ಅದೇ ತರುಣ ಲ್ಹಾಸಾದಿಂದ ವೇಷ ಮರೆಸಿಕೊಂಡು ಹೊರಟು ಬೆಟ್ಟ ಹತ್ತಿಳಿದು ನಮ್ಮ ಗಡಿಯೊಳಕ್ಕೆ ಬಂದ. ಈ ಸಲ ಬಂದವನು ಅತಿಥಿಯಲ್ಲ, ನಿರಾಶ್ರಿತ.

ಜೊತೆಗೆ ಬಂದಿದ್ದ ಪಂಚೆನ್ ಲಾಮಾ ಚೀನದವರ ಕೂಡ ಹೊಂದಿಕೊಂಡೇ ಇದ್ದವರು. 1962ರಲ್ಲಿ ಟಿಬೆಟ್ಟಿನ ಹಸಿವನ್ನೂ ಮಠಗಳ ನಾಶವನ್ನೂ ಕಣ್ಣಾರೆ ಕಂಡು, ಎಪ್ಪತ್ತು ಸಾವಿರ ಅಕ್ಷರಗಳ ಅಹವಾಲನ್ನು ಪೀಕಿಂಗಿಗೆ ಬರೆದುಕೊಟ್ಟರು. ಅದಕ್ಕೆ ಸಿಕ್ಕ ಉತ್ತರ ಬಹಿರಂಗ ಅವಮಾನ, ಆಮೇಲೆ ವರ್ಷಾನುಗಟ್ಟಲೆ ಬಂಧನ. ಅವರು 1989ರಲ್ಲಿ ತೀರಿಕೊಂಡರು. ಅವರ ಪುನರ್ಜನ್ಮವೆಂದು 1995ರ ಮೇ 14ರಂದು ದಲೈ ಲಾಮಾ ಗುರುತಿಸಿದ ಆರು ವರ್ಷದ ಹುಡುಗನನ್ನು ಮೂರೇ ದಿನಗಳಲ್ಲಿ ಚೀನದ ಅಧಿಕಾರಿಗಳು ಕರೆದೊಯ್ದರು. ಆ ಹುಡುಗನನ್ನು ಅಂದಿನಿಂದ ಹೊರಗಿನವರು ಕಂಡಿಲ್ಲ. ಸಾಲದ್ದಕ್ಕೆ 2007ರಲ್ಲಿ ಪೀಕಿಂಗು ಒಂದು ಕಾಯಿದೆ ಹೊರಡಿಸಿತು: ಸತ್ತ ಲಾಮಾ ಮತ್ತೆ ಹುಟ್ಟಬೇಕಾದರೆ ಸರ್ಕಾರದ ಅಪ್ಪಣೆ ಬೇಕು! ದೇವರಿಲ್ಲ, ಪುನರ್ಜನ್ಮವಿಲ್ಲ ಎಂದು ಪ್ರತಿಜ್ಞೆ ಮಾಡಿದ ಪಕ್ಷ ಪುನರ್ಜನ್ಮಕ್ಕೆ ಲೈಸೆನ್ಸು ಕೊಡುವ ಕಚೇರಿ ತೆರೆದಿದೆ. ನಮ್ಮ ಊರಿನ ಚಿಲ್ಲರೆ ವ್ಯಾಪಾರಿಗಳಿಗೆ ಲೈಸೆನ್ಸಿನ ಕಷ್ಟ ಗೊತ್ತು. ಹುಟ್ಟುವುದಕ್ಕೇ ಲೈಸೆನ್ಸು ಎಂಬುದನ್ನು ಅವರೂ ಕೇಳಿರಲಾರರು.

ಸರ್ಕಾರ ಬುದ್ಧನನ್ನು ಬೇಕಾದಾಗ ಮೆರೆಸಿ ಬೇಡವಾದಾಗ ಕರಗಿಸುವುದು ಚೀನದಲ್ಲಿ ಹೊಸದೇನೂ ಅಲ್ಲ. 845ರಲ್ಲಿ ತಾಂಗ್ ವಂಶದ ವೂತ್ಸುಂಗ್ ಚಕ್ರವರ್ತಿ 4,600 ವಿಹಾರಗಳನ್ನು ಕೆಡವಿಸಿ, 2,60,500 ಭಿಕ್ಷು ಭಿಕ್ಷುಣಿಯರ ಕಾವಿ ಬಿಚ್ಚಿಸಿ ತೆರಿಗೆಯ ಪಟ್ಟಿಗೆ ಸೇರಿಸಿದ. ಇದು ಅವನ ಶಾಸನವೇ ಕೊಟ್ಟ ಲೆಕ್ಕ. ಕಂಚಿನ ಬುದ್ಧರು ನಾಣ್ಯಗಳಾದರು. 1966ರಿಂದ ಹತ್ತು ವರ್ಷ ನಡೆದ 'ಸಾಂಸ್ಕೃತಿಕ ಕ್ರಾಂತಿ'ಯ ಕಾಲದಲ್ಲಿ ಕೆಂಪು ತೋಳುಪಟ್ಟಿಯ ಹುಡುಗರು ಮಾಡಿದ್ದೂ ಆ ಜಾತಿಯ ಕೆಲಸವೇ. ಇಂಥ ಇತಿಹಾಸ ಬೌದ್ಧ ಧರ್ಮದ ಮೇಲಿನ ಉಪನ್ಯಾಸದಲ್ಲಿ ಏಕೆ ಬರುವುದಿಲ್ಲ?

ನಮ್ಮ ಸರ್ಕಾರದ ಮನೆಯಲ್ಲೂ ಇದೇ ಲೆಕ್ಕಾಚಾರ. 1956ರಲ್ಲಿ ಲಾಮಾಗಳ ಜೊತೆ ದಿಲ್ಲಿ ಜಯಂತಿ ಆಚರಿಸಿತು, ಸರಿ. ಆದರೆ ಆ ವರ್ಷ ಈ ದೇಶದಲ್ಲಿ ಬುದ್ಧನ ಹೆಸರಿನಲ್ಲಿ ನಡೆದ ನಿಜವಾದ ಘಟನೆ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದದ್ದು. ಡಾ. ಅಂಬೇಡ್ಕರ್ ಲಕ್ಷಾಂತರ ದಲಿತರ ಜೊತೆ ಬೌದ್ಧರಾದರು. ಅದಕ್ಕೆ ಸಿಕ್ಕ ಸರ್ಕಾರಿ ಕಾಣಿಕೆ ಏನೆಂದರೆ, ಬೌದ್ಧರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ ಎಂಬುದು. ಅದು ಸರಿಹೋಗಲು 1990ರ ತನಕ ಕಾಯಬೇಕಾಯಿತು. ಕಲ್ಲಿನ ಬುದ್ಧನಿಗೆ ಹಾರ, ಕೇರಿಯ ಬುದ್ಧನಿಗೆ ಅರ್ಜಿ ತಿರಸ್ಕಾರ.

ಇನ್ನು ಸಿನಿಮಾದ ಮಾತು. ಇಂಥ ಸಪ್ತಾಹಗಳಿಗೆ ಯಾವ ಚಿತ್ರ ಬರುತ್ತದೆ ಎಂಬುದಕ್ಕಿಂತ ಯಾವುದು ಬರುವುದಿಲ್ಲ ಎಂಬುದನ್ನು ನೋಡಬೇಕು. ಮೇಷ್ಟ್ರ ಕೆಲಸ ಬಿಟ್ಟು ಬಂದ ನನ್ನಂಥವನಿಗೆ ಒಂದು ಚಿತ್ರದ ಮೇಲೆ ಸ್ವಲ್ಪ ಪಕ್ಷಪಾತ ಇದ್ದರೆ ಓದುಗರು ಮನ್ನಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಂತುಂಗ್ ಪ್ರಾಂತದಲ್ಲಿ ವೂ ಶುನ್ ಎಂಬ ಅಕ್ಷರ ಬಾರದ ಭಿಕ್ಷುಕನಿದ್ದ. ಬೀದಿಯಲ್ಲಿ ಬೇಡಿ, ಒದೆ ತಿಂದು, ಕಾಸಿಗೆ ಕಾಸು ಕೂಡಿಸಿ ಬಡವರ ಮಕ್ಕಳಿಗೆ ಶಾಲೆಗಳನ್ನು ಕಟ್ಟಿಸಿದ. ಅವನ ಜೀವನವನ್ನು ಸುನ್ ಯೂ ಎಂಬ ನಿರ್ದೇಶಕ 1950ರಲ್ಲಿ ಚಿತ್ರ ಮಾಡಿದ. ಜಾವೊ ದಾನ್ ಎಂಬ ಮಹಾನಟ ಆ ಪಾತ್ರ ವಹಿಸಿದ. ಜನ ಕಣ್ಣೀರಿಟ್ಟು ನೋಡಿದರು. 1951ರ ಮೇ 20ರಂದು ಪಕ್ಷದ ಪತ್ರಿಕೆಯಲ್ಲಿ ಒಂದು ಸಂಪಾದಕೀಯ ಬಂತು. ಅದರ ಹಿಂದಿದ್ದ ಕೈ ಮಾವೊ ತ್ಸೆ ತುಂಗ್ ಅವರದೇ. ಭಿಕ್ಷೆ ಬೇಡಿ ಶಾಲೆ ಕಟ್ಟುವವನು ಜಮೀನ್ದಾರರ ಕಾಲಿಗೆ ಬೀಳುವವನು, ಅವನನ್ನು ಹೊಗಳುವುದು ಕ್ರಾಂತಿದ್ರೋಹ ಎಂಬುದು ಅದರ ತಾತ್ಪರ್ಯ. ಚಿತ್ರ ದಶಕಗಳ ಕಾಲ ಡಬ್ಬಿಯಲ್ಲಿ ಕೊಳೆಯಿತು. ಆ ನಟ ಸಾಂಸ್ಕೃತಿಕ ಕ್ರಾಂತಿಯಲ್ಲಿ ಐದು ವರ್ಷ ಸೆರೆಮನೆ ಕಂಡ. ಭಿಕ್ಷೆಯಿಂದ ಸಮಾಜ ಬದಲಾಗುವುದಿಲ್ಲ ಎಂಬುದು ಸಮಾಜವಾದಿಯಾದ ನನಗೂ ಒಪ್ಪಿಗೆ. ಆದರೆ ಅದನ್ನು ಚಿತ್ರ ನೋಡಿದ ಜನ ವಾದಿಸಿ ತೀರ್ಮಾನಿಸಬೇಕೇ ಹೊರತು ಚಿತ್ರಕ್ಕೆ ಬೀಗ ಹಾಕಿದವನು ತೀರ್ಮಾನಿಸಕೂಡದು.

1994ರಲ್ಲಿ ಜಾಂಗ್ ಯಿಮೌ 'ಬದುಕುವುದು' ಎಂಬರ್ಥದ ಹೆಸರಿನ ಚಿತ್ರ ಮಾಡಿದ. ಒಂದು ಸಾಧಾರಣ ಸಂಸಾರ ಅಂತರ್ಯುದ್ಧ, ಮಹಾ ಜಿಗಿತ, ಸಾಂಸ್ಕೃತಿಕ ಕ್ರಾಂತಿ ಇವುಗಳ ಗಾಲಿಯ ಕೆಳಗೆ ಸಿಕ್ಕಿ ಹೇಗೋ ಉಸಿರಾಡಿಕೊಂಡು ಬರುವ ಕಥೆ. ಫ್ರಾನ್ಸಿನ ಕಾನ್ ಉತ್ಸವದಲ್ಲಿ ಅದಕ್ಕೆ ದೊಡ್ಡ ಬಹುಮಾನ ಬಂತು. ಚೀನದ ಟಾಕೀಸುಗಳಲ್ಲಿ ಅದಕ್ಕೆ ಅಪ್ಪಣೆ ಸಿಗಲಿಲ್ಲ.

ನಮ್ಮ ಗಿರಣಿಯವರು ನೋಡಲೇಬೇಕಾದದ್ದು ಮಾತ್ರ ಇನ್ನೊಂದು. ವಾಂಗ್ ಬಿಂಗ್ ಎಂಬ ತರುಣ 1999ರಿಂದ 2001ರವರೆಗೆ ಸಣ್ಣದೊಂದು ಕ್ಯಾಮರಾ ಹಿಡಿದು ಶೆನ್‌ಯಾಂಗ್ ಪಟ್ಟಣದ ಕಾರ್ಖಾನೆಗಳ ಬಡಾವಣೆಯಲ್ಲಿ ಅಲೆದ. 'ಹಳಿಗಳ ಪಶ್ಚಿಮಕ್ಕೆ' ಎಂಬ ಆ ಸಾಕ್ಷ್ಯಚಿತ್ರ ಒಂಬತ್ತು ಗಂಟೆಗೂ ಹೆಚ್ಚು ಓಡುತ್ತದೆ, ಅಂದರೆ ನಮ್ಮ ಒಂದು ಪಾಳಿಗಿಂತ ಉದ್ದ. ಕರಗಿಸುವ ಕುಲುಮೆಗಳು ಒಂದೊಂದಾಗಿ ಆರುತ್ತವೆ. ಕೂಲಿಗಾರರು ಬಿಡುವಿನ ಕೋಣೆಯಲ್ಲಿ ಕುಳಿತು, ಸಂಬಳ ಬರುತ್ತದೆಯೋ ಇಲ್ಲವೋ ಎಂದು ಮಾತಾಡುತ್ತಾರೆ, ಇಸ್ಪೀಟು ಆಡುತ್ತಾರೆ, ಜಗಳವಾಡುತ್ತಾರೆ. ಆಮೇಲೆ ಬೀಗ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಚೀನದ ಸರ್ಕಾರಿ ಕಾರ್ಖಾನೆಗಳಿಂದ ಹೀಗೆ ಮನೆಗೆ ಹೋದವರು ಕೋಟಿಗಟ್ಟಲೆ ಜನ. ಕಾರ್ಖಾನೆಯ ಒಡೆಯ ನೀನೇ ಎಂದು ಐವತ್ತು ವರ್ಷ ಕೇಳಿಸಿಕೊಂಡವರು ಅವರು. ದಾವಣಗೆರೆಯ ಹತ್ತಿ ಗಿರಣಿಗಳ ಚಿಮಣಿ ತಣ್ಣಗಾದದ್ದನ್ನು ಕಂಡವರಿಗೆ ಆ ಕೋಣೆಯ ಮಾತು ತಿಳಿಯಲು ದುಭಾಷಿ ಬೇಕಾಗಲಿಕ್ಕಿಲ್ಲ. ಇದಕ್ಕಿಂತ ಮೇಲಾದ ಮೈತ್ರಿ ಸಪ್ತಾಹ ಯಾವುದಿದೆ?

ಚೀನದ ಇತಿಹಾಸದ ಉಪನ್ಯಾಸಗಳಲ್ಲಿ ರೇಷ್ಮೆ ದಾರಿ ಬರುತ್ತದೆ, ಗೋಡೆ ಬರುತ್ತದೆ. 1989ರಲ್ಲಿ ಪೀಕಿಂಗಿನ ಕೂಲಿಗಾರರು ಪಕ್ಷದ ಹಿಡಿತವಿಲ್ಲದ ಸ್ವತಂತ್ರ ಸಂಘ ಕಟ್ಟಿದ್ದು ಬರುವುದಿಲ್ಲ. ಟಿಯೆನಾನ್‌ಮೆನ್ ಚೌಕದ ವಿದ್ಯಾರ್ಥಿಗಳ ಹೆಸರು ಜಗತ್ತಿಗೆ ಗೊತ್ತು. ಹಾನ್ ದೋಂಗ್‌ಫಾಂಗ್ ಎಂಬ ರೈಲ್ವೆ ಕೆಲಸಗಾರ ಆ ಸಂಘದ ಮುಂದಾಳಾಗಿ ಸೆರೆಮನೆಗೆ ಹೋಗಿ ಕ್ಷಯ ಹಿಡಿಸಿಕೊಂಡು ಬಂದದ್ದು ಎಷ್ಟು ಜನಕ್ಕೆ ಗೊತ್ತು? ಕೂಲಿಗಾರರ ರಾಜ್ಯವೆಂದು ಹೆಸರಿಟ್ಟುಕೊಂಡ ಆ ದೇಶದ ಸಂವಿಧಾನದಿಂದ ಮುಷ್ಕರದ ಹಕ್ಕನ್ನು 1982ರಲ್ಲಿ ಕಿತ್ತುಹಾಕಿದರು. ಚೀನದ ಅಧ್ಯಕ್ಷರೇ ನಮ್ಮ ಅಧ್ಯಕ್ಷರೆಂದು ಒಂದಾನೊಂದು ಕಾಲದಲ್ಲಿ ಕಲ್ಕತ್ತೆಯ ಗೋಡೆಗಳ ಮೇಲೆ ಬರೆದ ಮಹಾಶಯರು ಈ ಬಗ್ಗೆ ಏನು ಬರೆಯುತ್ತಾರೋ ಕಾದು ನೋಡುತ್ತಿದ್ದೇವೆ.

ಕಲೆಯ ಮಾತಿಗೆ ಬಂದರೆ ತುನ್‌ಹುವಾಂಗಿನ ಗುಹೆಗಳ ಚಿತ್ರಗಳು ಬಂದೇ ಬರುತ್ತವೆ. ಬರಲಿ, ಅವು ಮನುಷ್ಯಕುಲದ ಆಸ್ತಿ. ಮರಳುಗಾಡಿನ ಅಂಚಿನ ಬಂಡೆಯಲ್ಲಿ 366ರಲ್ಲಿ ಮೊದಲ ಗುಹೆ ಕೊರೆದರಂತೆ. ಆಮೇಲೆ ಸಾವಿರ ವರ್ಷ ಕೊರೆಯುತ್ತಲೇ ಹೋದರು. ಚಿತ್ರ, ಮೂರ್ತಿಗಳಿರುವ ಗುಹೆಗಳೇ 492. ನಮ್ಮ ಅಜಂತೆಯ ಗೆರೆ ಅಲ್ಲಿಯ ಗೋಡೆಯ ಮೇಲೆ ಹೋಗಿ ಬೇರೆ ಬಣ್ಣ ಪಡೆಯಿತು. 1900ರಲ್ಲಿ ಅಲ್ಲಿ ಮುಚ್ಚಿಹೋಗಿದ್ದ ಒಂದು ಕೋಣೆ ತೆರೆದುಕೊಂಡಿತು. ಅದರ ತುಂಬ ಹಳೆಯ ಕಾಗದ, ರೇಷ್ಮೆ. 868ರಲ್ಲಿ ಅಚ್ಚಾದ ವಜ್ರಸೂತ್ರದ ಸುರುಳಿ ಅಲ್ಲಿಯೇ ಸಿಕ್ಕಿದ್ದು. ತಾರೀಖು ಇರುವ ಅಚ್ಚಿನ ಪುಸ್ತಕಗಳಲ್ಲಿ ಜಗತ್ತಿಗೇ ಹಳೆಯದು ಅದು. ಪುಕ್ಕಟೆ ಹಂಚಲು ಅಚ್ಚು ಹಾಕಿಸಿದ್ದು ಎಂದು ಅದರಲ್ಲೇ ಬರೆದಿದೆ. 1907ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ನೌಕರ ಔರೆಲ್ ಸ್ಟೈನ್ ಅಲ್ಲಿಯ ಕಾವಲುಗಾರನಿಗೆ ಅಲ್ಪ ಹಣ ಕೊಟ್ಟು ಅದನ್ನು ಹೊತ್ತೊಯ್ದ. ಮರುವರ್ಷ ಫ್ರೆಂಚ್ ಪಂಡಿತ ಪೆಲಿಯೊ ಇನ್ನಷ್ಟು ಒಯ್ದ. ಈ ಲೂಟಿಯ ಕಥೆಯನ್ನು ಚೀನ ಸರ್ಕಾರ ಚೆನ್ನಾಗಿ ಹೇಳುತ್ತದೆ, ಹೇಳುವುದು ನ್ಯಾಯವೇ.

ಆದರೆ ಪೆಲಿಯೊ ಪ್ಯಾರಿಸ್ಸಿಗೆ ಒಯ್ದ ಕಾಗದಗಳಲ್ಲಿ ಒಂದು ಕರಾರು ಪತ್ರ ಇದೆ. ಹತ್ತನೆಯ ಶತಮಾನದ್ದು. ಜಾವೊ ಸೆಂಗ್‌ತ್ಸು ಎಂಬವನು ಮೂರ್ತಿ ಮಾಡುವವರ ಮೇಸ್ತ್ರಿ, ಮಣ್ಣಿನಲ್ಲಿ ಬುದ್ಧನನ್ನು ನಿಲ್ಲಿಸುವವನು. ಅವನ ಮನೆಯೊಳಗೆ ನೆಲದಿಂದ ನೀರು ಉಕ್ಕಿತು. ಸರಿಮಾಡಿಸಲು ಕೈಯಲ್ಲಿ ಏನೂ ಇಲ್ಲ, ಸಾಲ ಹುಟ್ಟುವ ಕಡೆಯೂ ಇಲ್ಲ. ಹೊಟ್ಟೆಯ ಮಗನನ್ನು ತನ್ನ ಬೀಗನ ಹತ್ತಿರ ಆರು ವರ್ಷಕ್ಕೆ ಅಡವಿಟ್ಟ. ಸಿಕ್ಕಿದ್ದು ಇಪ್ಪತ್ತು ಅಳತೆ ಗೋಧಿ, ಇಪ್ಪತ್ತು ಅಳತೆ ನವಣೆ. ಹುಡುಗನಿಗೆ ಕೂಲಿಯಿಲ್ಲ, ಕಾಳಿಗೆ ಬಡ್ಡಿಯಿಲ್ಲ ಎಂದು ಷರತ್ತು. ಹುಡುಗ ರೋಗ ಬಂದು ಸತ್ತರೆ ಅಣ್ಣ ಹೊಣೆ. ಆ ಅಣ್ಣನ ಹೆಸರಿನ ಅರ್ಥ 'ಬುದ್ಧನ ದಾಸ'.

ಗುಹೆಗಳ ಉತ್ತರದ ಭಾಗದಲ್ಲಿ ಬಣ್ಣವಿಲ್ಲದ ಬೋಳು ಗೂಡುಗಳಿವೆ. ಭಿಕ್ಷುಗಳೂ ಕೆಲಸಗಾರರೂ ಮಲಗುತ್ತಿದ್ದದ್ದು ಅಲ್ಲಿ. ಪ್ರದರ್ಶನದ ಹೊಳಪಿನ ಚಿತ್ರಗಳ ನಡುವೆ ಆ ಬೋಳು ಗೋಡೆಯ ಒಂದು ಫೋಟೊ, ಈ ಅಡವಿನ ಪತ್ರದ ಒಂದು ಪ್ರತಿ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಿದ್ದರೆ ನಮ್ಮ ಬಡಗಿ, ಕಮ್ಮಾರ, ನೇಕಾರ ಅಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದ. ಹಾಕುವುದಿಲ್ಲ. ಕಲೆಯನ್ನು ಚಕ್ರವರ್ತಿಗಳು ಮಾಡಿಸಿದರು ಎಂದು ಹೇಳುವುದು ಎಲ್ಲ ಸರ್ಕಾರಗಳಿಗೂ ಹಿತ.

ಪರದೆಯ ಹಗ್ಗದ ಇನ್ನೊಂದು ತುದಿ ದಿಲ್ಲಿಯ ಕೈಯಲ್ಲಿದೆ ಎಂದೆನಲ್ಲ, ಅದನ್ನೂ ಎಳೆದು ನೋಡಬೇಕು. 1962ರ ಅಕ್ಟೋಬರ್ 20ರಂದು ಚೀನದ ಸೈನ್ಯ ಗಡಿ ದಾಟಿತು. ನಮ್ಮ ಯೋಧರಿಗೆ ಚಳಿಗೆ ತಕ್ಕ ಬಟ್ಟೆಯಿರಲಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ದಿಲ್ಲಿಯ ಕೋಪ ಯಾರ ಮೇಲೆ ತಿರುಗಿತು? ಕಲ್ಕತ್ತೆಯ ಚೀನೀ ಚಮ್ಮಾರ, ದಾರ್ಜಿಲಿಂಗಿನ ಹಲ್ಲಿನ ವೈದ್ಯ, ಅಸ್ಸಾಮಿನ ಮಾಕುಮ್ ಊರಿನ ಬಡಗಿ, ಇವರ ಮೇಲೆ. ಮೂರು ನಾಲ್ಕು ತಲೆಮಾರಿನಿಂದ ಇಲ್ಲಿದ್ದವರು. ಎಷ್ಟೋ ಜನಕ್ಕೆ ಚೀನೀ ಭಾಷೆಯೇ ಸರಿಯಾಗಿ ಬಾರದು. ಸುಮಾರು 3,000 ಜನರನ್ನು, ಮುದುಕರು, ಬಸುರಿಯರು, ಹಸುಗೂಸುಗಳು ಎನ್ನದೆ, ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ದೂಡಿದರು. ಕೆಲವರು 1967ರವರೆಗೂ ಅಲ್ಲಿ ಕೊಳೆತರು. ಬಿಟ್ಟು ಬಂದ ಅಂಗಡಿ ಮನೆಗಳು 'ಶತ್ರುವಿನ ಆಸ್ತಿ' ಎಂದು ಹರಾಜಾದುವು. ಅಂಗಡಿಯಿಟ್ಟು ಬದುಕುವ ನಮ್ಮ ಓದುಗರು ಒಂದು ನಿಮಿಷ ಯೋಚಿಸಲಿ: ಒಂದು ರಾತ್ರಿ ಪೋಲೀಸರು ಬಂದು, ಒಂದು ಗಂಟು ಕಟ್ಟಿಕೊಂಡು ಹೊರಡು ಎನ್ನುತ್ತಾರೆ, ಐದು ವರ್ಷದ ಮೇಲೆ ಹಿಂದಿರುಗಿದರೆ ಗಲ್ಲಾದ ಮುಂದೆ ಬೇರೊಬ್ಬ ಕುಳಿತಿರುತ್ತಾನೆ.

ದೇವಲಿ ಎಂದರೆ ಸಮಾಜವಾದಿಗಳಿಗೆ ಗೊತ್ತಿಲ್ಲದ ಜಾಗವಲ್ಲ. 1941ರಲ್ಲಿ ಬ್ರಿಟಿಷರು ಜಯಪ್ರಕಾಶ ನಾರಾಯಣರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದು ಅಲ್ಲಿಯೇ. ಅವರು ಉಪವಾಸ ಕೂತದ್ದೂ ಅಲ್ಲಿಯೇ. ಪರಕೀಯರು ಕಟ್ಟಿದ ಆ ತಂತಿಬೇಲಿ ಸ್ವರಾಜ್ಯ ಬಂದ ಮೇಲೆ ಚಮ್ಮಾರರ ಮಕ್ಕಳಿಗೆ ಉಪಯೋಗವಾಯಿತು. ಅಸ್ಸಾಮಿನ ಲೇಖಕಿ ರೀಟಾ ಚೌಧುರಿ ಈ ಜನರ ಪಾಡನ್ನು ಕುರಿತು 'ಮಾಕಾಮ್' ಎಂಬ ಕಾದಂಬರಿ ಬರೆದರು. ಅದು ಬಂದದ್ದು 2010ರಲ್ಲಿ. ಅದೇ ವರ್ಷ ಎರಡು ಸರ್ಕಾರಗಳೂ ರಾಜತಾಂತ್ರಿಕ ಸಂಬಂಧದ 60ನೆಯ ವರ್ಷದ ಉತ್ಸವದಲ್ಲಿದ್ದವು. ನಮ್ಮ ರಾಷ್ಟ್ರಪತಿಗಳು ಚೀನದ ಲೋಯಾಂಗಿಗೆ ಹೋಗಿ ಭಾರತೀಯ ಶೈಲಿಯ ಬೌದ್ಧ ಮಂದಿರವನ್ನು ಉದ್ಘಾಟಿಸಿ ಬಂದರು. ದೇವಲಿಯಲ್ಲಿ ಹುಟ್ಟಿದ ಮಕ್ಕಳನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಚೀನದವರು ನೆನಪಿಸುವುದಿಲ್ಲ, ಏಕೆಂದರೆ ಅವರಿಗೆ ಟಿಬೆಟ್ಟಿನ ಭಯ. ನಮ್ಮವರು ಟಿಬೆಟ್ಟನ್ನು ನೆನಪಿಸುವುದಿಲ್ಲ, ಏಕೆಂದರೆ ಅವರಿಗೆ ದೇವಲಿಯದೂ 1954ರ ತಮ್ಮ ಸಹಿಯದೂ ಭಯ. ಇಬ್ಬರೂ ಸೇರಿ ಬುದ್ಧನ ಬೆನ್ನ ಹಿಂದೆ ಅಡಗುತ್ತಾರೆ.

ಎರಡು ದೇಶಗಳ ನಡುವೆ ನಿಜವಾಗಿ ನಡೆದಾಡಿದವರು ಯಾರು ಎಂಬುದನ್ನು ನೋಡಿದರೆ ಸರ್ಕಾರಗಳ ಈ ಅಟ್ಟಹಾಸಕ್ಕೆ ನಗು ಬರುತ್ತದೆ. ನಾಲಂದದಲ್ಲಿ ಅಸ್ಥಿಯಿಟ್ಟು ಪೂಜಿಸಿದ ಆ ಹ್ಯೂಯೆನ್‌ತ್ಸಾಂಗ್ 629ರಲ್ಲಿ ಹೊರಟದ್ದು ಚಕ್ರವರ್ತಿಯ ಅಪ್ಪಣೆಯಿಲ್ಲದೆ! ಗಡಿ ದಾಟಬಾರದೆಂಬ ಆಜ್ಞೆಯಿತ್ತು. ಹಗಲು ಅಡಗಿ ರಾತ್ರಿ ನಡೆದು ತಪ್ಪಿಸಿಕೊಂಡು ಬಂದ. ಈಗಿನ ಭಾಷೆಯಲ್ಲಿ ಪಾಸ್‌ಪೋರ್ಟು ಇಲ್ಲದ ಅಕ್ರಮ ಪ್ರಯಾಣಿಕ. 645ರಲ್ಲಿ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹಿಂದಿರುಗಿದಾಗ ಮಾತ್ರ ಅದೇ ಚಕ್ರವರ್ತಿ ಎದುರುಗೊಂಡ. ಹರ್ಷವರ್ಧನನಿಗೂ ಮಣಿಯದ ನಮ್ಮ ಇಮ್ಮಡಿ ಪುಲಕೇಶಿಯ ನಾಡನ್ನೂ ಅಲ್ಲಿಯ ಜನರ ಅಭಿಮಾನವನ್ನೂ ಅವನು ಬರೆದಿಟ್ಟಿರುವುದು ಕನ್ನಡ ಮಕ್ಕಳ ಪಾಠದಲ್ಲಿದೆ. ಅವನು ಕದ್ದು ಹೊರಟವನು ಎಂಬುದು ಪಾಠದಲ್ಲಿಲ್ಲ.

ನಮ್ಮ ಕಡೆಯಿಂದ ಹೋದ ಡಾ. ದ್ವಾರಕಾನಾಥ ಕೋಟ್ನೀಸ್ ಸೊಲ್ಲಾಪುರದವರು. ಕನ್ನಡವೂ ಮರಾಠಿಯೂ ಬೆರೆತ ಗಿರಣಿಗಳ ಊರು ಅದು. ಜಪಾನೀ ದಾಳಿಗೆ ಸಿಕ್ಕ ಚೀನೀಯರ ಶುಶ್ರೂಷೆಗೆಂದು 1938ರಲ್ಲಿ ಐವರು ಡಾಕ್ಟರುಗಳು ಹೋದರಲ್ಲ, ಅವರನ್ನು ಕಳಿಸಿದ್ದು ಯಾವ ಸರ್ಕಾರವೂ ಅಲ್ಲ. ಆಗ ಸರ್ಕಾರ ಬ್ರಿಟಿಷರದು. ಸುಭಾಷ್‌ಚಂದ್ರ ಬೋಸರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು ಜನರಲ್ಲಿ ಚಂದಾ ಎತ್ತಿ ಕಳಿಸಿತು. ಕೋಟ್ನೀಸ್ ಅಲ್ಲಿಯ ದಾದಿಯೊಬ್ಬಳನ್ನು ಮದುವೆಯಾಗಿ, ಗಾಯಾಳುಗಳ ಸೇವೆಯಲ್ಲಿ ಸವೆದು, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿಗೇ ತೀರಿಕೊಂಡರು. ಶಾಂತಾರಾಮರು 1946ರಲ್ಲಿ ಅವರ ಮೇಲೆ ಚಿತ್ರ ತೆಗೆದರು. ಇಂದು ಎರಡು ಸರ್ಕಾರಗಳೂ ಅವರ ಭಾವಚಿತ್ರವನ್ನು ತಮ್ಮದೆಂದು ಎತ್ತಿ ಹಿಡಿಯುತ್ತವೆ.

ಆದುದರಿಂದ ನಮ್ಮ ಊರಿಗೆ ಚೀನದ ಉತ್ಸವ ತರುವ ಮಾತು ಯಾರಾದರೂ ಎತ್ತಿದರೆ ನಮ್ಮ ಉತ್ತರ ಇದು. ತನ್ನಿ, ಆದರೆ ನಾವು ಹೇಳಿದಂತೆ ತನ್ನಿ. ಸಂಜೆ ಐದಕ್ಕೆ ಉದ್ಘಾಟನೆ ಇಟ್ಟರೆ ಎರಡನೆಯ ಪಾಳಿಯವರು ಯಂತ್ರದ ಮುಂದೆ ಇರುತ್ತಾರೆ, ಅಂಗಡಿಯವರು ತಕ್ಕಡಿಯ ಮುಂದೆ ಇರುತ್ತಾರೆ. ವಾರದ ರಜೆಯ ದಿನ ಇಡಿ. ಇಂಗ್ಲಿಷ್ ಭಾಷಣ ಬೇಡ. ವೂ ಶುನ್ ಚಿತ್ರವನ್ನೂ ಜಾಂಗ್ ಯಿಮೌ ಚಿತ್ರವನ್ನೂ ತರಿಸಿ. ವಾಂಗ್ ಬಿಂಗನ ಒಂಬತ್ತು ಗಂಟೆಗಳನ್ನು ಮೂರು ಭಾನುವಾರಕ್ಕೆ ಹಂಚಿ ಹಾಕಿ. ತುನ್‌ಹುವಾಂಗಿನ ಚಿತ್ರಗಳ ಪಕ್ಕದಲ್ಲಿ ಅಡವಿನ ಪತ್ರ ತೂಗಲಿ. ಬೌದ್ಧ ಧರ್ಮದ ಮೇಲೆ ಮಾತಾಡಲು ದಿಲ್ಲಿಯಿಂದ ಪಂಡಿತರು ಬೇಕಾಗಿಲ್ಲ. ಮುಂಡಗೋಡು ಹುಬ್ಬಳ್ಳಿಯಿಂದ ಒಂದೆರಡು ಗಂಟೆಯ ಬಸ್ಸಿನ ದಾರಿ. 1966ರಲ್ಲಿ ಅಲ್ಲಿ ಕಾಡು ಕಡಿದು ಟಿಬೆಟ್ಟಿನವರ ವಸತಿ ಎದ್ದಿತು. ಲ್ಹಾಸಾದ ಹತ್ತಿರ ನೂರಾರು ವರ್ಷ ನಡೆದಿದ್ದ ದ್ರೆಪುಂಗ್, ಗಾಂದೆನ್ ವಿದ್ಯಾಪೀಠಗಳು ಈಗ ಅಲ್ಲಿ ಮತ್ತೆ ನಡೆಯುತ್ತಿವೆ. ಸೆರಾ ಪೀಠ ಬೈಲಕುಪ್ಪೆಯಲ್ಲಿದೆ. ಅಲ್ಲಿ ಕನ್ನಡ ಬಲ್ಲ ಭಿಕ್ಷುಗಳು ಸಿಗುತ್ತಾರೆ. ಚಳಿಗಾಲದಲ್ಲಿ ಪೇಟೆಯ ಬೀದಿಯಂಚಿನಲ್ಲಿ ಸ್ವೆಟರು ಮಾರುವ ಟಿಬೆಟ್ಟಿನ ಹೆಂಗಸರನ್ನು ನಮ್ಮ ವರ್ತಕರು ಪೈಪೋಟಿಗೆ ಬಂದವರೆಂದು ಬೈಯುವುದನ್ನು ಕೇಳಿದ್ದೇನೆ. ಅವರನ್ನೂ ಸಭೆಗೆ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಚೀನದ ಪ್ರತಿನಿಧಿ ಬಂದರೆ ಅವರೂ ಬರಲಿ, ಪಕ್ಕದ ಕುರ್ಚಿಯಲ್ಲಿ ಕೂರಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿ.

ಸರ್ಕಾರಿ ಸಭಾಮಂದಿರ ಇದಕ್ಕೆ ಸಿಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಕಾರ್ಮಿಕ ಸಂಘದ ಹಿತ್ತಿಲಲ್ಲಿ ಐನೂರು ಜನ ಕೂರಬಹುದು. ಪರದೆಗೆ ಬೇಕಾದ ಬಿಳಿ ಬಟ್ಟೆಯನ್ನು ನೇಯ್ಗೆ ವಿಭಾಗದವರು ಕೊಡುವುದಾಗಿ ಒಪ್ಪಿದ್ದಾರೆ. ಚಿತ್ರಗಳ ಮಾತುಗಳನ್ನು ಮೊದಲೇ ಕನ್ನಡಕ್ಕೆ ತಂದು ಧ್ವನಿವರ್ಧಕದಲ್ಲಿ ಓದಲು ಇಬ್ಬರು ಬೇಕು. ಗಂಟಲು ಗಟ್ಟಿಯಿರುವವರು ಪಕ್ಷದ ಕಚೇರಿಗೆ ಬಂದು ಹೆಸರು ಕೊಡಬಹುದು.